ಮಕ್ಕಳ ಭಾರ ಇದ್ದರೆ ಬೌನ್ಸಿ ಕ್ಯಾಸಲ್ ಹಾರುವುದಿಲ್ಲವೇ? ಮೈದಾನದಲ್ಲಿ ನಿಜಕ್ಕೂ ನೋಡಬೇಕಾದದ್ದು ಏನು?

ಗಾಳಿ ತುಂಬಿದ ಬಣ್ಣದ ಮನೆಯೊಂದು ಮೈದಾನದಿಂದ ಮೇಲೆದ್ದು, ಪಲ್ಟಿ ಹೊಡೆಯುತ್ತ ದೂರ ಹೋಗಿ ಬೀಳುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ವಿಡಿಯೊ ಗ್ರೂಪಿಗೆ ಬಂದರೆ ಅದರ ಜೊತೆ ಎರಡು ಬಗೆಯ ಮಾತು ಕೇಳಿಬರುತ್ತವೆ. "ಮಕ್ಕಳನ್ನು ಇದರ ಹತ್ತಿರವೂ ಬಿಡಬೇಡಿ, ಎಲ್ಲರಿಗೂ ಶೇರ್ ಮಾಡಿ" ಎನ್ನುವುದು ಒಂದು. "ಅದು ಖಾಲಿ ಇತ್ತು, ಅದಕ್ಕೇ ಹಾರಿತು. ಮಕ್ಕಳು ಒಳಗಿದ್ದರೆ ಭಾರಕ್ಕೆ ಅಲುಗಾಡುವುದಿಲ್ಲ" ಎನ್ನುವುದು ಇನ್ನೊಂದು. ಎರಡನೆಯ ಮಾತು ಪೂರ್ತಿ ತಪ್ಪು. ಮೊದಲನೆಯದು ತಪ್ಪಲ್ಲ, ಆದರೆ ಅದರಿಂದ ಉಪಯೋಗವೂ ಇಲ್ಲ. ಮಗು ಕೈ ಹಿಡಿದು ಎಳೆಯುತ್ತಿರುವಾಗ, ಹತ್ತಿಸಬಹುದೋ ಬೇಡವೋ ಎಂದು ತೀರ್ಮಾನಿಸಲು ಏನನ್ನು ನೋಡಬೇಕು ಎಂದು ಅದು ಹೇಳುವುದಿಲ್ಲ.

ಜಾತ್ರೆ, ಎಕ್ಸಿಬಿಷನ್, ಶಾಲೆಯ ವಾರ್ಷಿಕೋತ್ಸವ, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ, ಹುಟ್ಟುಹಬ್ಬ, ಹೀಗೆ ಎಲ್ಲ ಕಡೆಗೂ ಈಗ ಇದು ಬಂದಿದೆ. ಬೌನ್ಸಿ ಕ್ಯಾಸಲ್, ಜಂಪಿಂಗ್ ಕ್ಯಾಸಲ್, ಕೆಲವರ ಬಾಯಲ್ಲಿ ಬರೀ ಮಿಕ್ಕಿ ಮೌಸ್. ಹೆಸರು ಯಾವುದಾದರೂ ಇರಲಿ, ಅದು ಕೆಲಸ ಮಾಡುವ ರೀತಿ ಒಂದೇ, ಕೈಕೊಡುವ ರೀತಿಯೂ ಹೆಚ್ಚುಕಡಿಮೆ ಒಂದೇ.

ಮಕ್ಕಳು ಒಳಗಿದ್ದಾಗಲೇ ಹಾರಿವೆ

2021ರ ಡಿಸೆಂಬರ್ 16. ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಡೆವನ್‌ಪೋರ್ಟ್ ಎಂಬ ಊರು. ಹಿಲ್‌ಕ್ರೆಸ್ಟ್ ಪ್ರಾಥಮಿಕ ಶಾಲೆಯಲ್ಲಿ ವರ್ಷದ ಕೊನೆಯ ಸಂಭ್ರಮ. ಬೆಳಗ್ಗೆ 10ರ ಸುಮಾರಿಗೆ, ಮಕ್ಕಳು ಕ್ಯಾಸಲ್ ಒಳಗಿದ್ದಾಗಲೇ, ಅದು ಗಾಳಿಗೆ ಮೇಲೆದ್ದಿತು. ಸುಮಾರು 10 ಮೀಟರ್ ಎತ್ತರದಿಂದ ಮಕ್ಕಳು ಕೆಳಗೆ ಬಿದ್ದರು. ಆ ಘಟನೆಯಲ್ಲಿ ಆರು ಮಕ್ಕಳು ತೀರಿಕೊಂಡರು.

2019ರ ಮಾರ್ಚ್ ಕೊನೆಯಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಸುಂಟರಗಾಳಿಯೊಂದು ಮಕ್ಕಳಿದ್ದ ಕ್ಯಾಸಲ್ಲನ್ನು ಎತ್ತಿ ಎಸೆಯಿತು. ಇಬ್ಬರು ಮಕ್ಕಳು ಸತ್ತರು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬೇಸ್‌ಬಾಲ್ ಪಂದ್ಯದ ಜಾಗದಲ್ಲಿ ಹಾಕಿದ್ದ ಕ್ಯಾಸಲ್ ಮಕ್ಕಳ ಸಮೇತ 15-20 ಅಡಿ ಮೇಲೇರಿತು. ಐದು ವರ್ಷದ ಬಾಲಕನೊಬ್ಬ ಉಳಿಯಲಿಲ್ಲ. ಭಾರದ ಮಾತು ನಿಜವಾಗಿದ್ದರೆ ಈ ಮೂರೂ ನಡೆಯಬಾರದಿತ್ತು.

ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧಕರು 2000ದಿಂದ 2021ರವರೆಗೆ ಜಗತ್ತಿನ ಬೇರೆ ಬೇರೆ ಕಡೆ ಗಾಳಿಗೆ ಹಾರಿದ ಕ್ಯಾಸಲ್‌ಗಳ ಸುದ್ದಿಗಳನ್ನು ಕಲೆಹಾಕಿದರು. ಅವರಿಗೆ ಸಿಕ್ಕಿದ್ದು 132 ಘಟನೆ, ಕನಿಷ್ಠ 479 ಮಂದಿಗೆ ಗಾಯ, ಕನಿಷ್ಠ 28 ಸಾವು. ಸುದ್ದಿಯಾದದ್ದು ಮಾತ್ರ ಈ ಲೆಕ್ಕದಲ್ಲಿದೆ. ಕಾರಣಗಳಲ್ಲಿ ಗುಡುಗು ಮಳೆಯ ಮುಂದೆ ಬರುವ ಬಿರುಗಾಳಿಯೂ ಇದೆ, ಮೋಡವೇ ಇಲ್ಲದ ದಿನ ಏಳುವ ಸುಂಟರಗಾಳಿಯೂ ಇದೆ. ಈ ಎರಡನೆಯದರ ವಿಷಯಕ್ಕೆ ಮುಂದೆ ಬರುತ್ತೇವೆ.

ಭಾರದ ಲೆಕ್ಕ ಎಲ್ಲಿ ತಪ್ಪುತ್ತದೆ?

ಮೊದಲು ಒಂದು ಸಣ್ಣ ತಪ್ಪು ಕಲ್ಪನೆ. ಕ್ಯಾಸಲ್ ಒಳಗೆ ಬಲೂನಿನಂತೆ ಹೀಲಿಯಂ ಇರುತ್ತದೆ, ಅದಕ್ಕೇ ಹಾರುತ್ತದೆ ಎಂದು ಕೆಲವರು ನಂಬಿದ್ದಾರೆ. ಇಲ್ಲ. ಒಳಗಿರುವುದು ನಾವು ಉಸಿರಾಡುವ ಗಾಳಿಯೇ. ಪಕ್ಕದಲ್ಲಿ ಸದ್ದು ಮಾಡುತ್ತ ಕೂತಿರುವ ಬ್ಲೋವರ್ ಅದನ್ನು ನಿಲ್ಲದೆ ಒಳಗೆ ತಳ್ಳುತ್ತದೆ, ಹೊಲಿಗೆಯ ಸಂದುಗಳಿಂದ ಅದು ನಿಲ್ಲದೆ ಹೊರಗೆ ಸೋರುತ್ತದೆ. ಹಾಗೆ ಸೋರುವುದು ದೋಷವಲ್ಲ, ಅದನ್ನು ಮಾಡಿರುವುದೇ ಹಾಗೆ.

ಎತ್ತುವುದು ಹೊರಗಿನ ಗಾಳಿ. ಕ್ಯಾಸಲ್ ಎಂದರೆ ನೆಲದ ಮೇಲೆ ನಿಲ್ಲಿಸಿದ ದೋಣಿಯ ಹಾಯಿ ಎಂದುಕೊಳ್ಳಿ. ಗಾತ್ರ ದೊಡ್ಡದು, ತೂಕ ಕಡಿಮೆ. ಒಂದು ಅಂದಾಜು ಲೆಕ್ಕ ಮಾಡೋಣ. 5 ಮೀಟರ್ ಅಗಲ, 3 ಮೀಟರ್ ಎತ್ತರದ ಗೋಡೆಗೆ ಗಂಟೆಗೆ 38 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ, ಅದರ ತಳ್ಳುವ ಬಲ ಸುಮಾರು 100 ಕೆ.ಜಿ. ಭಾರಕ್ಕೆ ಸಮ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅಂದರೆ 76 ಕಿ.ಮೀ. ವೇಗದ ಒಂದು ಬೀಸಿಗೆ 400 ಕೆ.ಜಿ.

ಈಗ ಒಳಗೆ 20 ಕೆ.ಜಿ. ತೂಕದ ಹತ್ತು ಮಕ್ಕಳಿದ್ದಾರೆ ಎನ್ನಿ. ಒಟ್ಟು 200 ಕೆ.ಜಿ. ಆದರೆ ಅವರು ಚೀಲಗಳಂತೆ ಸುಮ್ಮನೆ ಕೂತಿಲ್ಲ, ಕುಣಿಯುತ್ತಿದ್ದಾರೆ. ಗಾಳಿಯಲ್ಲಿರುವ ಮಗುವಿನ ಭಾರ ಆ ಕ್ಷಣಕ್ಕೆ ಕ್ಯಾಸಲ್ ಮೇಲೆ ಇಲ್ಲವೇ ಇಲ್ಲ. ಇನ್ನೂ ಮುಖ್ಯವಾದದ್ದು, ಒಂದು ಅಂಚು ಒಂದಡಿ ಎದ್ದರೆ ಸಾಕು, ಮಕ್ಕಳೆಲ್ಲ ಉರುಳಿ ಇನ್ನೊಂದು ಬದಿಗೆ ಬೀಳುತ್ತಾರೆ. ಎದ್ದ ಬದಿ ಖಾಲಿಯಾಗುತ್ತದೆ. ಅಲ್ಲಿಯವರೆಗೆ ಗೋಡೆಗೆ ಮಾತ್ರ ಬಡಿಯುತ್ತಿದ್ದ ಗಾಳಿ ಈಗ ಅಡಿಗೆ ನುಗ್ಗುತ್ತದೆ. ಚಾಪೆ ಬಿಸಿಲಿಗೆ ಹಾಕಿದಾಗ ಒಂದು ಮೂಲೆ ಎದ್ದರೆ ಇಡೀ ಚಾಪೆ ಮಗುಚುತ್ತದಲ್ಲ, ಹಾಗೆ. ಆಗ ತಡೆಯಲು ಉಳಿದಿರುವುದು ಒಂದೇ: ನೆಲಕ್ಕೆ ಹೊಡೆದ ಗೂಟ, ಅದಕ್ಕೆ ಕಟ್ಟಿದ ಹಗ್ಗ.

ಎರಡು ದೇಶ, ಎರಡು ತೀರ್ಪು

ಇಂಥ ಸುದ್ದಿಗಳ ಕೆಳಗೆ ಜನ ಎರಡು ಬಣವಾಗುತ್ತಾರೆ. ಒಬ್ಬರಿಗೆ ಎಲ್ಲವೂ ಮಾಲೀಕನ ನಿರ್ಲಕ್ಷ್ಯ, ಇನ್ನೊಬ್ಬರಿಗೆ ಎಲ್ಲವೂ ವಿಧಿ. ನ್ಯಾಯಾಲಯಗಳು ಹೇಳಿರುವುದನ್ನು ನೋಡಿದರೆ ವಿಷಯ ಅಷ್ಟು ಸರಳವಿಲ್ಲ.

2016ರ ಮಾರ್ಚ್ 26ರಂದು ಇಂಗ್ಲೆಂಡಿನ ಹಾರ್ಲೋ ಪಟ್ಟಣದ ಈಸ್ಟರ್ ಮೇಳದಲ್ಲಿ ಕ್ಯಾಸಲ್ ಒಂದು ಗಾಳಿಗೆ ಕಿತ್ತು, ಇಳಿಜಾರಿನಲ್ಲಿ ಸುಮಾರು 300 ಮೀಟರ್ ಉರುಳಿತು. ಒಳಗಿದ್ದ ಏಳು ವರ್ಷದ ಹುಡುಗಿ ಸತ್ತಳು. ಸರಿಯಾಗಿ ಬಿಗಿದಿರಲಿಲ್ಲ, ಹವಾಮಾನದ ಮೇಲೆ ಕಣ್ಣಿಟ್ಟಿರಲಿಲ್ಲ ಎಂಬ ಕಾರಣಕ್ಕೆ ಮೇಳದ ಇಬ್ಬರಿಗೆ 2018ರಲ್ಲಿ ತಲಾ ಮೂರು ವರ್ಷ ಜೈಲಾಯಿತು. ಅಂದು ಗಾಳಿ ಗುಟ್ಟಾಗಿ ಬಂದದ್ದಲ್ಲ. ಆ ದಿನಗಳಲ್ಲಿ ಕೇಟಿ ಎಂಬ ಬಿರುಗಾಳಿ ಬರುತ್ತಿದೆ ಎಂಬ ಮುನ್ಸೂಚನೆ ಇತ್ತು.

ಟಾಸ್ಮೇನಿಯಾದ ಪ್ರಕರಣದ ತೀರ್ಪು ಬಂದದ್ದು 2025ರ ಜೂನ್‌ನಲ್ಲಿ. ಕ್ಯಾಸಲ್ ನಡೆಸುತ್ತಿದ್ದವರು ಎಲ್ಲ ಕಡೆ ಗೂಟ ಹೊಡೆದಿರಲಿಲ್ಲ ಎನ್ನುವುದು ಸರ್ಕಾರಿ ವಕೀಲರ ವಾದವಾಗಿತ್ತು. ಅವರು ಇನ್ನಷ್ಟು ಎಚ್ಚರ ವಹಿಸಬಹುದಿತ್ತು ಎಂಬುದನ್ನು ನ್ಯಾಯಾಧೀಶರು ಒಪ್ಪಿದರು. ಆದರೆ ಬಂದ ಸುಂಟರಗಾಳಿ ಯಾರೂ ಊಹಿಸಲಾಗದಂಥದ್ದು, ಎಲ್ಲ ಕ್ರಮ ಕೈಗೊಂಡಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದು ಹೇಳಿ ಬಿಡುಗಡೆ ಮಾಡಿದರು. ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಇದನ್ನು ಕೇಳುವುದು ಎಷ್ಟು ಕಷ್ಟವಾಗಿರಬೇಕು ಎನ್ನುವುದು ಬೇರೆ ಮಾತು.

ನಮ್ಮ ದೃಷ್ಟಿಯಲ್ಲಿ ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಗೂಟ ಸರಿಯಿಲ್ಲದಿದ್ದರೆ ಮುನ್ಸೂಚನೆ ಕೊಟ್ಟೇ ಬರುವ ಗಾಳಿಯೂ ಕೊಲ್ಲುತ್ತದೆ. ಗೂಟ ಸರಿಯಿದ್ದ ಮಾತ್ರಕ್ಕೆ ಎಲ್ಲ ಗಾಳಿಯಿಂದಲೂ ರಕ್ಷಣೆ ಸಿಗುವುದಿಲ್ಲ. ಆದ್ದರಿಂದ ಗೂಟದ ಜೊತೆಗೆ ಜಾಗವನ್ನೂ ಹೊತ್ತನ್ನೂ ನೋಡಬೇಕಾಗುತ್ತದೆ.

ಗೂಟ ನೋಡುವುದು ಹೇಗೆ?

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಇದಕ್ಕೆ ಸ್ಪಷ್ಟ ಅಳತೆ ಕೊಟ್ಟಿದೆ. ನಮ್ಮಲ್ಲೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಗಾಳಿಗೆ ದೇಶ ಗೊತ್ತಿಲ್ಲ. ಒಂದು ಕ್ಯಾಸಲ್‌ಗೆ ಕನಿಷ್ಠ 6 ಕಡೆ ಹಗ್ಗ ಕಟ್ಟಿರಬೇಕು. ದೊಡ್ಡದಾದಷ್ಟೂ ಹೆಚ್ಚು. ತಯಾರಕರು ಎಷ್ಟು ಕೊಂಡಿ ಕೊಟ್ಟಿದ್ದಾರೋ ಅಷ್ಟನ್ನೂ ಬಳಸಿರಬೇಕು. ಕಬ್ಬಿಣದ ಗೂಟ ಕನಿಷ್ಠ 380 ಮಿ.ಮೀ. ಉದ್ದ, 16 ಮಿ.ಮೀ. ದಪ್ಪ ಇರಬೇಕು, ತಲೆ ದುಂಡಗಿರಬೇಕು. ಅಂದರೆ ಒಂದಡಿಗಿಂತ ಉದ್ದ, ಕೈಬೆರಳಿನಷ್ಟು ದಪ್ಪ. ಟೆಂಟಿಗೆ ಹೊಡೆಯುವ ತೆಳು ಕಂಬಿ ಸಾಲದು.

ನೀವು ಟೇಪ್ ಹಿಡಿದು ಅಳೆಯಬೇಕಿಲ್ಲ. ಟಿಕೆಟ್ ಕೊಳ್ಳುವ ಮುಂಚೆ ಸುತ್ತ ಒಂದು ಸುತ್ತು ಹಾಕಿ. ಕೆಳ ಅಂಚಿನ ಉದ್ದಕ್ಕೂ ಹೊಲಿದಿರುವ ಕೊಂಡಿಗಳನ್ನು ಎಣಿಸಿ, ಹಗ್ಗ ಕಟ್ಟಿರುವ ಕೊಂಡಿಗಳನ್ನು ಎಣಿಸಿ. ಎರಡೂ ಒಂದೇ ಇರಬೇಕು. ಹಗ್ಗ ಬಿಗಿಯಾಗಿದೆಯೇ, ಗೂಟ ಕ್ಯಾಸಲ್‌ನಿಂದ ಆಚೆಗೆ ವಾಲಿದಂತೆ ಓರೆಯಾಗಿ ಇಳಿದಿದೆಯೇ, ಕಾಲಲ್ಲಿ ಒತ್ತಿದರೆ ಅಲುಗುತ್ತದೆಯೇ ನೋಡಿ. ಮಳೆ ಬಿದ್ದು ನೆನೆದ ಎರೆ ಮಣ್ಣು, ಕಡಲ ತೀರದ ಮರಳು, ಕೆರೆ ಅಂಗಳದ ಸಡಿಲ ಮಣ್ಣು, ಇಲ್ಲೆಲ್ಲ ಗೂಟ ಸುಲಭವಾಗಿ ಕಿತ್ತುಬರುತ್ತದೆ.

ನಗರಗಳ ಸಮಸ್ಯೆ ಬೇರೆ. ಅಪಾರ್ಟ್‌ಮೆಂಟಿನ ಅಂಗಳ, ಕಲ್ಯಾಣ ಮಂಟಪದ ಮುಂದಿನ ಜಾಗ, ಶಾಲೆಯ ಆವರಣ, ಎಲ್ಲ ಕಡೆ ಕಾಂಕ್ರೀಟು ಅಥವಾ ಇಂಟರ್‌ಲಾಕ್ ಕಲ್ಲು. ಗೂಟ ಹೊಡೆಯಲು ಬರುವುದಿಲ್ಲ. ಆಗ ಮೂಲೆಗೊಂದು ಮರಳು ಚೀಲ ಇಟ್ಟು, ಒಂದು ಹಗ್ಗವನ್ನು ಕಂಬಕ್ಕೋ ನಿಂತಿರುವ ಬೈಕಿಗೋ ಕಟ್ಟಿ ಮುಗಿಸಿಬಿಡುವುದುಂಟು. ಮೇಲೆ ಹೇಳಿದ ಬ್ರಿಟಿಷ್ ಅಳತೆಯ ಪ್ರಕಾರ ಗೂಟದ ಬದಲು ಭಾರ ಇಡುವುದಾದರೆ ಒಂದೊಂದು ಕೊಂಡಿಗೂ ಸುಮಾರು 163 ಕೆ.ಜಿ. ಬೇಕು. ಸಿಮೆಂಟ್ ಮೂಟೆ 50 ಕೆ.ಜಿ. ಎಂದರೆ ಕೊಂಡಿಗೆ ಮೂರು ಮೂಟೆಗಿಂತ ಹೆಚ್ಚು. ಆರು ಕೊಂಡಿಗೆ ಹತ್ತಿರ ಹತ್ತಿರ ಒಂದು ಟನ್. ಮೂಲೆಗೊಂದು ಚೀಲ ಎನ್ನುವುದು ಈ ಲೆಕ್ಕದ ಮುಂದೆ ಏನೂ ಅಲ್ಲ. ಇಷ್ಟು ಭಾರ ತರಲು ಆಗದಿದ್ದರೆ ಕ್ಯಾಸಲ್ಲನ್ನು ಸಭಾಂಗಣದ ಒಳಗೆ ಹಾಕುವುದು ಒಳ್ಳೆಯದು. ಸಂಘದ ಪದಾಧಿಕಾರಿಗಳು ಬಾಡಿಗೆಗೆ ಮಾತಾಡುವಾಗ ಕ್ಯಾಸಲ್ ಯಾವ ಬಣ್ಣದ್ದು ಎಂದು ಕೇಳುವ ಮೊದಲು, ಹೇಗೆ ಬಿಗಿಯುತ್ತೀರಿ ಎಂದು ಕೇಳಬೇಕು.

"ಮೊಬೈಲಿನಲ್ಲಿ ಗಾಳಿ 12 ಅಂತ ತೋರಿಸುತ್ತಿದೆ"

ಅದೇ ಸಂಸ್ಥೆಯ ಪ್ರಕಾರ ಗಾಳಿ ಗಂಟೆಗೆ 38 ಕಿ.ಮೀ. ದಾಟಿದರೆ ಕ್ಯಾಸಲ್ ಬಳಸಲೇಬಾರದು. ತಯಾರಕರು ಇನ್ನೂ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಇದನ್ನು ಹೇಳಿದ ಕೂಡಲೇ ನಾವೆಲ್ಲ ಮಾಡುವುದು ಮೊಬೈಲ್ ತೆಗೆದು ನೋಡುವುದು. ಆದರೆ ಹವಾಮಾನ ಆ್ಯಪ್ ಮುಖ್ಯವಾಗಿ ತೋರಿಸುವ ಅಂಕಿ ಸರಾಸರಿ ವೇಗ, ಅದೂ ಇಡೀ ಪ್ರದೇಶದ ಅಂದಾಜು. ಕ್ಯಾಸಲ್ ಎತ್ತುವುದು ಸರಾಸರಿ ಗಾಳಿಯಲ್ಲ, ಕೆಲವೇ ಕ್ಷಣ ಇರುವ ಜೋರು ಬೀಸು. ಕೆಲವು ಆ್ಯಪ್‌ಗಳು ಅದನ್ನು ಬೇರೆಯಾಗಿ ತೋರಿಸುತ್ತವೆ, ನೋಡುವುದಾದರೆ ಅದನ್ನು ನೋಡಿ.

ಏಪ್ರಿಲ್, ಮೇ ತಿಂಗಳಲ್ಲಿ ಹವಾಮಾನ ಇಲಾಖೆ ನಮ್ಮ ಜಿಲ್ಲೆಗಳಿಗೆ ಕೊಡುವ ಎಚ್ಚರಿಕೆಯನ್ನು ನೆನಪಿಸಿಕೊಳ್ಳಿ: ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ಇದು ನಮಗೆ ಎಷ್ಟು ಮಾಮೂಲಿ ಎಂದರೆ ಓದಿ ಮರೆಯುತ್ತೇವೆ. ಆದರೆ ಕ್ಯಾಸಲ್ ಮಟ್ಟಿಗೆ ಅದು ಮಿತಿ ಮೀರಿದ ಗಾಳಿ. ಬೇಸಿಗೆ ಶಿಬಿರಗಳು, ಜಾತ್ರೆಗಳು ಇರುವುದೂ ಇದೇ ತಿಂಗಳುಗಳಲ್ಲಿ, ಮಳೆ ಬರುವುದೂ ಮಕ್ಕಳು ಆಡಲು ಹೋಗುವ ಸಂಜೆ ಹೊತ್ತಿಗೇ. ಮೊದಲ ಹನಿ ಬೀಳುವ ತನಕ ಕಾಯುವವರು ತಡ ಮಾಡಿದಂತೆ, ಏಕೆಂದರೆ ಬಿರುಗಾಳಿ ಹನಿಗಿಂತ ಮುಂಚೆ ಬರುತ್ತದೆ. ತಟ್ಟನೆ ತಂಪು ಗಾಳಿ ಬೀಸಿ, ಧೂಳು ಎದ್ದು, ಮಣ್ಣಿನ ವಾಸನೆ ಬಂತು ಎಂದರೆ ಮಕ್ಕಳನ್ನು ಆಗಲೇ ಇಳಿಸಿ. ಉಪಕರಣವಿಲ್ಲದೆ ಅಳೆಯುವ ಒಂದು ಹಳೆಯ ಉಪಾಯವೂ ಇದೆ. ಎಲೆ ತುಂಬಿದ ಸಣ್ಣ ಮರಗಳು ಇಡಿಯಾಗಿ ತೂಗಾಡಲು ಶುರುವಾದರೆ ಗಾಳಿ ಆ ಮಿತಿಯ ಆಸುಪಾಸಿನಲ್ಲಿದೆ ಎಂದರ್ಥ.

ಸುಂಟರಗಾಳಿಗೆ ಇಷ್ಟು ಮುನ್ಸೂಚನೆಯೂ ಇಲ್ಲ. ಬಿಸಿಲಿಗೆ ಕಾದ ಒಣ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುವಾಗ ಸುತ್ತತೊಡಗಿ ಇದು ಹುಟ್ಟುತ್ತದೆ. ಮೋಡ ಬೇಕಿಲ್ಲ. ಧೂಳು, ಕಾಗದ, ತರಗೆಲೆ ಎತ್ತಿಕೊಂಡು ಕೆಲವು ನಿಮಿಷ ಓಡಾಡಿ ಕರಗಿಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕೆಲವರು ಇದನ್ನು ದೆವ್ವದ ಗಾಳಿ ಎಂದೂ ಕರೆಯುತ್ತಾರೆ. ಇಂಗ್ಲಿಷಿನವರೂ ಧೂಳಿನ ದೆವ್ವ ಎಂದೇ ಹೆಸರಿಟ್ಟಿರುವುದು ತಮಾಷೆ. ಯಾವ ಆ್ಯಪ್ ಕೂಡ ಇದು ಇಂಥ ಮೈದಾನದಲ್ಲಿ ಇಷ್ಟು ಹೊತ್ತಿಗೆ ಏಳುತ್ತದೆ ಎಂದು ಹೇಳಲಾರದು. ಆದರೆ ಎಲ್ಲಿ ಏಳಬಹುದು ಎಂದು ನಮಗೇ ಗೊತ್ತಿದೆ: ಸುಡು ಬಿಸಿಲು, ಹುಲ್ಲಿಲ್ಲದ ಬಯಲು, ಕಾಲಿಟ್ಟರೆ ಧೂಳು. ಅಂಥ ಜಾಗದಲ್ಲಿ ಬಿಸಿಲಿನ ಹೊತ್ತು ಕ್ಯಾಸಲ್ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಆ ಹೊತ್ತಿನಲ್ಲಿ ಒಳಗಿನ ಸೆಕೆಯೂ ಹೊರಗಿಗಿಂತ ಹೆಚ್ಚು, ಪ್ಲಾಸ್ಟಿಕ್ ಹೊದಿಕೆ ಬರಿಗಾಲನ್ನು ಚುರುಗುಟ್ಟಿಸುವಷ್ಟು ಕಾದಿರುತ್ತದೆ.

ಅಂಚು ಏಳತೊಡಗಿದರೆ ದೊಡ್ಡವರು ಓಡಿಹೋಗಿ ಹಗ್ಗ ಹಿಡಿದು ಜಗ್ಗುವುದು ಸಹಜ. ಹಾಗೆ ಮಾಡಬೇಡಿ. ಮೇಲೆ ಕೊಟ್ಟ ಲೆಕ್ಕವನ್ನು ಇನ್ನೊಮ್ಮೆ ನೋಡಿ, 400 ಕೆ.ಜಿ. ಬಲವನ್ನು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಗಾಳಿ ಜೋರಾಗುವ ಮುಂಚೆಯೇ ಮಕ್ಕಳನ್ನು ಇಳಿಸಿ, ಆಮೇಲೆ ಬ್ಲೋವರ್ ಆರಿಸಿ ಮಲಗಿಸಿಬಿಡಬೇಕು.

ದಿನನಿತ್ಯ ಆಗುವ ಗಾಯ ಬೇರೆ

ಇಷ್ಟು ಹೊತ್ತು ಹಾರುವುದರ ಬಗ್ಗೆ ಮಾತಾಡಿದೆವು. ಆದರೆ ಆಸ್ಪತ್ರೆಗೆ ಹೋಗುವ ಹೆಚ್ಚಿನ ಮಕ್ಕಳು ಹಾರಿದ ಕ್ಯಾಸಲ್‌ನಿಂದ ಬಂದವರಲ್ಲ. ಅಮೆರಿಕದಲ್ಲಿ 1990ರಿಂದ 2010ರವರೆಗಿನ ತುರ್ತು ಚಿಕಿತ್ಸಾ ಘಟಕಗಳ ಮಾಹಿತಿ ನೋಡಿದ ಅಧ್ಯಯನವೊಂದು ಸುಮಾರು 64,000 ಮಕ್ಕಳು ಇಂಥ ಆಟಿಕೆಗಳಲ್ಲಿ ಗಾಯಗೊಂಡಿದ್ದರು ಎಂದು ಅಂದಾಜಿಸಿತು. 2010ರ ಒಂದೇ ವರ್ಷದಲ್ಲಿ ದಿನಕ್ಕೆ 30ಕ್ಕೂ ಹೆಚ್ಚು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಮೂಳೆ ಮುರಿದಿತ್ತು. ಬೀಳುವುದೇ ಅತಿ ಸಾಮಾನ್ಯ ಕಾರಣ.

"ಗಾಳಿ ತುಂಬಿದ್ದಲ್ಲವೇ, ಮೆತ್ತಗಿರುತ್ತದೆ, ಬಿದ್ದರೂ ಏನಾಗುತ್ತದೆ" ಎನ್ನುವುದು ಈ ಗಾಯಗಳ ಹಿಂದಿರುವ ನಂಬಿಕೆ. ನೆಲ ಮೆತ್ತಗಿದೆ, ಪಕ್ಕದ ಮಗುವಿನ ಮೊಣಕಾಲು ಮೆತ್ತಗಿಲ್ಲ. ದೊಡ್ಡ ಮಗು ಕುಣಿದಿಳಿದ ಕಡೆ ಹೊದಿಕೆ ತಗ್ಗಿ, ಪಕ್ಕದಲ್ಲಿ ಉಬ್ಬಿ, ಅಲ್ಲಿದ್ದ ಸಣ್ಣ ಮಗುವನ್ನು ಅದು ಎಣಿಸದ ಎತ್ತರಕ್ಕೆ ಚಿಮ್ಮಿಸುತ್ತದೆ. ಅದು ಇಳಿಯುವಾಗ ಕೈ ಊರಿ ಬೀಳುತ್ತದೆ, ಮೊಣಕೈ ಮುರಿಯುತ್ತದೆ. ಹಾಗಾಗಿ ಮೂರು ವರ್ಷದ ಮಗುವನ್ನು ಹತ್ತು ವರ್ಷದ ಅಣ್ಣನ ಜೊತೆ "ನೋಡಿಕೋ" ಎಂದು ಕಳಿಸುವುದು ಪ್ರೀತಿಯ ಕೆಲಸವೇ ಆದರೂ ಅಪಾಯದ ಕೆಲಸ. ಮಗು ಹೆದರುತ್ತದೆ ಎಂದು ಅಪ್ಪನೇ ಹತ್ತುವುದು ಇನ್ನೂ ಕೆಟ್ಟದ್ದು. ಒಂದೇ ವಯಸ್ಸಿನ, ಒಂದೇ ಗಾತ್ರದ ಮಕ್ಕಳು, ಕಡಿಮೆ ಸಂಖ್ಯೆಯಲ್ಲಿ, ಸರದಿ ಪ್ರಕಾರ ಹೋಗಬೇಕು. ಆರು ವರ್ಷದೊಳಗಿನವರನ್ನು ಬಿಡದಿರುವುದೇ ಒಳ್ಳೆಯದು. ಚಪ್ಪಲಿ, ಕನ್ನಡಕ, ಬಳೆ, ಹೇರ್‌ಪಿನ್, ಬಾಯಲ್ಲಿರುವ ಚಾಕೊಲೇಟ್ ಹೊರಗೆ. ಲಾಗ ಹೊಡೆಯುವುದು, ಗೋಡೆ ಹತ್ತುವುದು ಬೇಡ. ಮತ್ತೆ, ನಿಮ್ಮ ಕಣ್ಣು ರೀಲ್ಸ್ ಮಾಡುವ ಪರದೆಯ ಮೇಲಲ್ಲ, ಮಗುವಿನ ಮೇಲಿರಲಿ.

ಕರೆಂಟ್ ಹೋದರೆ?

ಬ್ಲೋವರ್ ನಿಂತರೆ ಕ್ಯಾಸಲ್ ಒಡೆಯುವುದಿಲ್ಲ, ನಿಧಾನವಾಗಿ ಕುಸಿಯುತ್ತದೆ. ಸಾಮಾನ್ಯವಾಗಿ ಮಕ್ಕಳನ್ನು ಇಳಿಸಿಕೊಳ್ಳುವಷ್ಟು ಸಮಯ ಸಿಗುತ್ತದೆ, ಗಾಬರಿಯಿಂದ ನೂಕಾಡದಿದ್ದರೆ. ಮೇಲ್ಛಾವಣಿ ಇರುವಂಥದ್ದು, ಎತ್ತರದ ಜಾರುಬಂಡಿ ಇರುವಂಥದ್ದು ಹೆಚ್ಚು ಅಪಾಯ. ಬ್ಲೋವರ್ ಮತ್ತೆ ಶುರು ಮಾಡಲು ಓಡುವ ಬದಲು, ಒಬ್ಬರು ಬಾಗಿಲ ಬಳಿಯ ಗೋಡೆ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಮಕ್ಕಳನ್ನು ಒಬ್ಬೊಬ್ಬರಾಗಿ ಹೊರಗೆ ಕರೆಯಬೇಕು. ಅಂದರೆ ಟಿಕೆಟ್ ಹರಿಯುವ ಹುಡುಗನೊಬ್ಬನೇ ಇದ್ದರೆ ಸಾಲದು. ಬ್ಲೋವರ್ ವೈರು ಮಕ್ಕಳು ಓಡಾಡುವ ಹುಲ್ಲಿನ ಮೇಲೆ, ನೀರಿನಲ್ಲಿ ಬಿದ್ದಿದ್ದರೆ, ಟೇಪ್ ಸುತ್ತಿದ ಜಾಯಿಂಟ್ ಕಾಣುತ್ತಿದ್ದರೆ, ಗೂಟ ಎಣಿಸುವ ಅಗತ್ಯವೇ ಇಲ್ಲ, ವಾಪಸ್ ಬನ್ನಿ.

ಪೆಟ್ಟಾದ ಮೇಲೆ

ಬಿದ್ದ ಮಗುವಿನ ಮೊಣಕೈ ಊದಿದರೆ ಎಣ್ಣೆ ಹಚ್ಚಿ ನೀವುವುದು, ಬಿಗಿಯಾಗಿ ನಾಟಿ ಕಟ್ಟು ಹಾಕಿಸುವುದು ನಮ್ಮಲ್ಲಿ ಇನ್ನೂ ಇದೆ. ಮಕ್ಕಳಲ್ಲಿ ಮೊಣಕೈ ಮೇಲ್ಭಾಗದ ಮೂಳೆ ಮುರಿದಾಗ ಬಿಗಿ ಕಟ್ಟು ರಕ್ತದ ಹರಿವನ್ನೇ ನಿಲ್ಲಿಸಬಹುದು, ಕೈ ಶಾಶ್ವತವಾಗಿ ಕೆಲಸ ಕಳೆದುಕೊಳ್ಳಬಹುದು. ಕೈಯನ್ನು ಇದ್ದ ಸ್ಥಿತಿಯಲ್ಲೇ ಬಟ್ಟೆಯಿಂದ ಸಡಿಲವಾಗಿ ಆಧಾರ ಕೊಟ್ಟು ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ಬೆರಳು ತಣ್ಣಗಾಗಿದ್ದರೆ, ನೀಲಿಯಾಗಿದ್ದರೆ, ಜೋಮು ಹಿಡಿದಿದೆ ಎಂದು ಮಗು ಹೇಳಿದರೆ ಒಂದು ನಿಮಿಷವೂ ಕಾಯಬೇಡಿ.

ತಲೆಗೆ ಪೆಟ್ಟಾದ ಮಗುವನ್ನು ಮಲಗಲು ಬಿಡಬಾರದು ಎಂಬ ಮಾತೂ ಫಾರ್ವರ್ಡ್‌ಗಳಲ್ಲಿ ಓಡಾಡುತ್ತದೆ. ನಿದ್ದೆಯಿಂದ ಅಪಾಯ ಬರುವುದಿಲ್ಲ, ಎಬ್ಬಿಸಿದರೂ ಏಳದಿರುವುದು ಅಪಾಯದ ಗುರುತು. ಪದೇಪದೇ ವಾಂತಿ, ಪ್ರಜ್ಞೆ ತಪ್ಪುವುದು, ಫಿಟ್ಸ್, ಗೊಂದಲದ ಮಾತು, ಹೆಚ್ಚುತ್ತಲೇ ಹೋಗುವ ತಲೆನೋವು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಎತ್ತರದಿಂದ ಬಿದ್ದು ಕತ್ತು ನೋವು ಎನ್ನುವ ಮಗುವನ್ನು ಎತ್ತಿ ಕೂರಿಸಿ ನೀರು ಕುಡಿಸಲು ಹೋಗದೆ, ಅಲ್ಲಾಡದಂತೆ ಮಲಗಿಸಿಯೇ 108ಕ್ಕೆ ಕರೆ ಮಾಡಿ.